ಟೈಮರ್ ಇಲ್ಲದ ರಾಕೆಟ್‌ಗೆ ಪ್ಯಾರಾಚೂಟ್ ಬಿಡುವ ಹೊತ್ತು ಹೇಗೆ ಗೊತ್ತಾಗುತ್ತದೆ?

ಪ್ರಶ್ನೆ: ನಮಸ್ಕಾರ ಸರ್. ಮಗಳು ಮಾದರಿ ರಾಕೆಟ್ ಹಾರಿಸಲು ಶುರು ಮಾಡಿದ್ದಾಳೆ. ಮೋಟಾರಿನ ಮೇಲೆ ಸಿ6-5 ಅಂತ ಬರೆದಿದೆ. ಎರಡು ಸೆಕೆಂಡಿನೊಳಗೆ ಬೆಂಕಿ ಮುಗಿಯುತ್ತದೆ, ಆದರೂ ರಾಕೆಟ್ ಮೇಲೇರುತ್ತಲೇ ಇರುತ್ತದೆ, ಆಮೇಲೆ ಟಪ್ ಅಂತ ಪ್ಯಾರಾಚೂಟ್ ಹೊರಗೆ ಬರುತ್ತದೆ. ಒಳಗೆ ಬ್ಯಾಟರಿಯೂ ಇಲ್ಲ, ಟೈಮರೂ ಇಲ್ಲ. ಯಾವಾಗ ಬಿಚ್ಚಬೇಕು ಅಂತ ಅದಕ್ಕೆ ತಿಳಿಯುವುದು ಹೇಗೆ?

ಉತ್ತರ: ಟೈಮರ್ ಇದೆ, ಅದೂ ಮದ್ದಿನದ್ದೇ. ಮೋಟಾರ್ ಅಂದರೆ 18 ಮಿಲಿಮೀಟರ್ ಅಗಲ, 70 ಮಿಲಿಮೀಟರ್ ಉದ್ದದ ದಪ್ಪ ಕಾಗದದ ಕೊಳವೆ. ಕೆಳಗೆ ಜೇಡಿಮಣ್ಣಿನ ನಾಜಲ್, ಅಂದರೆ ಅನಿಲ ಹೊರಬರುವ ಕಿರಿದಾದ ಬಾಯಿ. ಅದರ ಮೇಲೆ ಕಲ್ಲಿನಂತೆ ಒತ್ತಿ ಕೂರಿಸಿದ ಕಪ್ಪು ಮದ್ದು, ಅಂದರೆ ಪೊಟ್ಯಾಸಿಯಂ ನೈಟ್ರೇಟ್, ಇದ್ದಿಲು, ಗಂಧಕ. ಅದರ ಮೇಲೆ ನಿಧಾನವಾಗಿ ಉರಿದು ಹೊಗೆ ಮಾತ್ರ ಬಿಡುವ ಡಿಲೇ ಪದರ. ತುದಿಯಲ್ಲಿ ಸ್ವಲ್ಪ ಸಡಿಲ ಮದ್ದಿನ ಪುಡಿ, ಅದಕ್ಕೊಂದು ತೆಳು ಮುಚ್ಚಳ. ಕಿಡಿ ನಾಜಲ್ ಕಡೆಯಿಂದ ಹತ್ತುತ್ತದೆ, ಊದುಬತ್ತಿಯ ಹಾಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ಉರಿಯುತ್ತಾ ಹೋಗುತ್ತದೆ. ಡಿಲೇ ಪದರ ಎಷ್ಟು ದಪ್ಪ ಇದೆಯೋ ಅಷ್ಟು ಹೊತ್ತು ಕಾಯುವಿಕೆ. ಅದು ಮುಗಿದ ಕೂಡಲೇ ಸಡಿಲ ಪುಡಿ ಒಮ್ಮೆಗೇ ಹೊತ್ತಿ, ರಾಕೆಟ್ಟಿನ ಒಳಗೆ ಅನಿಲ ನುಗ್ಗಿಸಿ, ಮೂತಿಯನ್ನೂ ಪ್ಯಾರಾಚೂಟನ್ನೂ ಹೊರಗೆ ತಳ್ಳುತ್ತದೆ.

ಕೋಡ್ ಓದುವುದು ಸುಲಭ. ‘ಸಿ’ ಅಂದರೆ ಒಟ್ಟು ತಳ್ಳುವಿಕೆ (ಸರಾಸರಿ ಬಲವನ್ನು ಉರಿಯುವ ಸಮಯದಿಂದ ಗುಣಿಸಿದ್ದು) 5ರಿಂದ 10 ನ್ಯೂಟನ್-ಸೆಕೆಂಡ್ ನಡುವೆ. ಅಕ್ಷರ ಒಂದು ಮುಂದೆ ಹೋದರೆ ಮಿತಿ ದುಪ್ಪಟ್ಟು, ಡಿ ಅಂದರೆ 20ರವರೆಗೆ. 6 ಅಂದರೆ ಸರಾಸರಿ ಬಲ, ನ್ಯೂಟನ್‌ನಲ್ಲಿ. 5 ಅಂದರೆ ಬೆಂಕಿ ಮುಗಿದ ಮೇಲಿನ ಡಿಲೇ, ಸೆಕೆಂಡಿನಲ್ಲಿ. ಕೊನೆಗೆ 0 ಇದ್ದರೆ ಡಿಲೇಯೂ ಇಲ್ಲ, ಪ್ಯಾರಾಚೂಟ್ ತಳ್ಳುವ ಪುಡಿಯೂ ಇಲ್ಲ. ಅದು ಎರಡು ಹಂತದ ರಾಕೆಟ್ಟಿನ ಕೆಳಗಿನ ಹಂತಕ್ಕೆ, ಮೇಲಿನ ಮೋಟಾರಿಗೆ ಬೆಂಕಿ ದಾಟಿಸಲು. ಒಂಟಿ ಹಂತದ ರಾಕೆಟ್‌ಗೆ ಅದನ್ನು ಹಾಕಿದರೆ ಪ್ಯಾರಾಚೂಟ್ ಬಿಚ್ಚುವುದೇ ಇಲ್ಲ, ನೋಡಿ ಹಾಕಿ.

ಪ್ರಶ್ನೆ: ಸರಾಸರಿ 6 ನ್ಯೂಟನ್ ಅಂತೀರಿ. ಆದರೆ ಸಮಯಕ್ಕೆ ತಕ್ಕಂತೆ ಮೋಟಾರಿನ ಬಲ ತೋರಿಸುವ ಗ್ರಾಫ್ ನೋಡಿದರೆ ಶುರುವಿನಲ್ಲಿ ಒಂದು ದೊಡ್ಡ ಗುಡ್ಡ, ಆಮೇಲೆ ಸಪಾಟು. ಯಾಕೆ ಹೀಗೆ?

ಉತ್ತರ: ಒಳ್ಳೆಯ ಪ್ರಶ್ನೆ, ನನ್ನ ಪ್ರಕಾರ ಈ ಮೋಟಾರಿನ ಅಸಲಿ ಜಾಣತನ ಇರುವುದೇ ಇಲ್ಲಿ. ಘನ ಇಂಧನದಲ್ಲಿ ಯಾವುದೇ ಕ್ಷಣದ ಬಲವನ್ನು ಮುಖ್ಯವಾಗಿ ನಿರ್ಧರಿಸುವುದು ಆ ಕ್ಷಣ ಎಷ್ಟು ಮೇಲ್ಮೈ ಉರಿಯುತ್ತಿದೆ ಅನ್ನುವುದು. ಕಪ್ಪು ಮದ್ದಿನ ತಳದಲ್ಲಿ, ನಾಜಲ್ಲಿನ ಹತ್ತಿರ, ಒಂದು ಸಣ್ಣ ಶಂಕುವಿನಾಕಾರದ ಗುಳಿ ಬಿಟ್ಟಿರುತ್ತಾರೆ. ಕಿಡಿ ಬಿದ್ದಾಗ ಆ ಗುಳಿಯ ಗೋಡೆಯೆಲ್ಲ ಒಟ್ಟಿಗೆ ಹೊತ್ತಿಕೊಳ್ಳುತ್ತದೆ, ಮೇಲ್ಮೈ ಜಾಸ್ತಿ, ಬಲ 14 ನ್ಯೂಟನ್ ಹತ್ತಿರ ಹೋಗುತ್ತದೆ. ಗುಳಿ ಉರಿದು ಹೋದ ಮೇಲೆ ಉಳಿಯುವುದು ಕೊಳವೆಯಷ್ಟೇ ಅಗಲದ ಮುಖ, ಬಲ ಇಳಿದು ಒಂದೇ ಸಮ ಇರುತ್ತದೆ. ಈ ಗುಡ್ಡ ಸುಮ್ನೆ ಬಂದದ್ದಲ್ಲ. ರೆಕ್ಕೆಗಳು ರಾಕೆಟ್ಟನ್ನು ನೆಟ್ಟಗೆ ಇಡಬೇಕಾದರೆ ಅವುಗಳ ಮೇಲೆ ಗಾಳಿ ಜೋರಾಗಿ ಹರಿಯಬೇಕು, ಹೊರಡುವಾಗ ದಾರಿ ತೋರಿಸುವ ಮೀಟರಿನಷ್ಟೇ ಉದ್ದದ ಸರಳು, ಅಂದರೆ ಲಾಂಚ್ ರಾಡ್, ಬಿಡುವುದರೊಳಗೆ ಅಷ್ಟು ವೇಗ ಬರಬೇಕು, ಅದಕ್ಕೇ ಮೊದಲ ಒದೆ ಬಲವಾಗಿ ಬೇಕು.

ಪ್ರಶ್ನೆ: ಅನಿಲ ಹೊರಗಿನ ಗಾಳಿಯನ್ನು ಒತ್ತುವುದರಿಂದ ತಾನೇ ರಾಕೆಟ್ ಮೇಲೆ ಹೋಗುವುದು?

ಉತ್ತರ: ಅಲ್ಲ. ಗಾಳಿ ಇದ್ದರೂ ಇಲ್ಲದಿದ್ದರೂ ನಡೆಯುತ್ತದೆ. ಉರಿಯಲು ಬೇಕಾದ ಆಮ್ಲಜನಕ ನೈಟ್ರೇಟ್‌ನಲ್ಲೇ ಇದೆ. ಬಿಸಿ ಅನಿಲ ಒಳಗಿನ ಎಲ್ಲ ಗೋಡೆಗಳನ್ನೂ ಒತ್ತುತ್ತದೆ, ಕೆಳಗೆ ಮಾತ್ರ ತೂತು, ಹಾಗಾಗಿ ಮೇಲ್ಮುಖದ ಒತ್ತಡ ಗೆಲ್ಲುತ್ತದೆ. ಸಿ6ರಲ್ಲಿ ಸುಮಾರು 11 ಗ್ರಾಂ ಇಂಧನ ಸೆಕೆಂಡಿಗೆ 800 ಮೀಟರ್ ಆಸುಪಾಸಿನ ವೇಗದಲ್ಲಿ ಹೊರಬೀಳುತ್ತದೆ. ತೂಕವನ್ನು ಕಿಲೋಗ್ರಾಂನಲ್ಲಿ ಹಿಡಿದು (0.011) ವೇಗದಿಂದ ಗುಣಿಸಿ ನೋಡಿ, 8.8 ನ್ಯೂಟನ್-ಸೆಕೆಂಡ್ ಬರುತ್ತದೆ, ‘ಸಿ’ಯ ಮಿತಿಯೊಳಗೇ. ಕಪ್ಪು ಮದ್ದು ಹಾಗೆ ನೋಡಿದರೆ ದುರ್ಬಲ ಇಂಧನ. ಉರಿದ ಮೇಲೆ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲ ಆಗುವುದೇ ಇಲ್ಲ, ಪೊಟ್ಯಾಸಿಯಂ ಲವಣಗಳ ಕಣವಾಗಿ ಹೋಗುತ್ತದೆ. ಆ ದಟ್ಟ ಬಿಳಿ ಹೊಗೆ ಅದೇ. ದೊಡ್ಡ ಮೋಟಾರುಗಳಲ್ಲಿ ಬಳಸುವ ಅಮೋನಿಯಂ ಪರ್‌ಕ್ಲೋರೇಟ್ ಮತ್ತು ರಬ್ಬರಿನ ಮಿಶ್ರಣ ಅಷ್ಟೇ ತೂಕಕ್ಕೆ ಎರಡು ಪಟ್ಟಿಗಿಂತ ಜಾಸ್ತಿ ತಳ್ಳುತ್ತದೆ.

ಪ್ರಶ್ನೆ: ಇಷ್ಟು ಸರಳ ಅಂದ ಮೇಲೆ ಮನೆಯಲ್ಲೇ ಮಾಡಬಹುದಲ್ವಾ?

ಉತ್ತರ: ಖಂಡಿತ ಬೇಡ. ಮದ್ದು ಒತ್ತುವಾಗ ಒಂದು ಕಿಡಿ ಸಾಕು, ಸ್ಥಿರ ವಿದ್ಯುತ್ತಿನ ಕಿಡಿ ಆದರೂ ಸರಿ. 1954ರಲ್ಲಿ ಅಮೆರಿಕದ ನೆಬ್ರಾಸ್ಕದಲ್ಲಿ ಓರ್ವಿಲ್ ಕಾರ್ಲೈಲ್ ಇಂಥ ಮೋಟಾರ್ ಮಾಡಿದರು, ಆಮೇಲೆ ವರ್ನ್ ಎಸ್ಟೆಸ್ ಅದನ್ನು ಯಂತ್ರದಲ್ಲಿ ಒತ್ತಿದರು. ಇದರಿಂದ ದೊಡ್ಡ ಲಾಭ ಅಂದರೆ ಹುಡುಗರು ಮದ್ದು ಮುಟ್ಟುವುದೇ ಬೇಕಿಲ್ಲ.

ಪ್ರಶ್ನೆ: ಹಳೇ ಮೋಟಾರುಗಳು ಬಿಸಿಲಿನ ಕಾರಿನಲ್ಲಿ ಬಹಳ ದಿನ ಇದ್ದವು. ಬಳಸಲೇ?

ಉತ್ತರ: ಬಳಸಬೇಡಿ. ಬಿಸಿ-ತಂಪು ಆಗುತ್ತಾ ಹೋದರೆ ಮದ್ದೂ ಕಾಗದವೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗಿ ನಡುವೆ ಸಂದು ಬಿಡುತ್ತದೆ, ಮದ್ದು ಬಿರುಕೂ ಬಿಡಬಹುದು. ಬೆಂಕಿ ಆ ಸಂದಿಗೆ ನುಗ್ಗಿದರೆ ಉರಿಯುವ ಮೇಲ್ಮೈ ಒಮ್ಮೆಲೇ ಹೆಚ್ಚುತ್ತದೆ. ಮೇಲ್ಮೈ ಹೆಚ್ಚಿದರೆ ಒತ್ತಡ ಹೆಚ್ಚು, ಒತ್ತಡ ಹೆಚ್ಚಿದರೆ ಉರಿಯುವ ವೇಗವೂ ಹೆಚ್ಚು, ಅದು ಮತ್ತೆ ಒತ್ತಡ ಏರಿಸುತ್ತದೆ, ಕೊಳವೆ ಸಿಡಿಯುತ್ತದೆ. ಗಟ್ಟಿ ನೆಲಕ್ಕೆ ಬಿದ್ದ ಮೋಟಾರಿಗೂ ಇದೇ ಮಾತು, ಹೊರಗೆ ಏನೂ ಕಾಣದಿದ್ದರೂ ಸಹ. ಬಕೆಟ್ ನೀರಿನಲ್ಲಿ ಮುಳುಗಿಸಿಡಿ, ಕಾಗದ ಬಿಚ್ಚಿ ಮದ್ದು ಕೆಸರಾಗುವವರೆಗೂ ತೆಗೆಯಬೇಡಿ.