ವೈಫೈ ಫೋನ್: ಓಡಾಡಿದರೆ ದನಿ ಕಡಿಯುತ್ತದೆ

ಪ್ರಶ್ನೆ: ಎರಡು ಮಹಡಿಯ ಕಚೇರಿ, 40 ವೈಫೈ ಫೋನ್, ಲ್ಯಾಪ್‌ಟಾಪ್‌ಗಳೂ ಅದೇ ನೆಟ್‌ವರ್ಕ್‌ನಲ್ಲಿ. ಸಿಗ್ನಲ್ ಎಲ್ಲೆಡೆ ಭರ್ತಿ, ಡೌನ್‌ಲೋಡ್‌ಗೆ ತೊಂದರೆಯಿಲ್ಲ. ಮಾತಾಡುತ್ತಾ ಓಡಾಡಿದರೆ ಮಾತ್ರ ನಮ್ಮ ದನಿ ಆಚೆಯವರಿಗೆ ಕೇಳಿಸುವುದಿಲ್ಲ. ಆಕ್ಸೆಸ್ ಪಾಯಿಂಟ್ (ವೈಫೈ ಸಿಗ್ನಲ್ ಹೊರಡಿಸುವ ಪೆಟ್ಟಿಗೆ) ಹೆಚ್ಚಿಸಬೇಕೇ?

ಉತ್ತರ 1: ಅದಕ್ಕೂ ಮೊದಲು ಪವರ್ ನೋಡಿ. ಆಕ್ಸೆಸ್ ಪಾಯಿಂಟ್ 20 ಡಿಬಿಎಂನಲ್ಲಿ (ಸಿಗ್ನಲ್ ಬಲದ ಅಳತೆ) ಕೂಗಿ, ಫೋನ್ 14ರಲ್ಲೇ ಉತ್ತರಿಸಿದರೆ ಹೀಗೇ ಆಗುವುದು: ಅದರ ಕೂಗು ಫೋನಿಗೆ ಮುಟ್ಟುತ್ತದೆ, ಫೋನಿನ ಉತ್ತರ ಅದಕ್ಕೆ ಮುಟ್ಟುವುದಿಲ್ಲ. ಫೋನಿನ ಮಟ್ಟಕ್ಕೆ ಇಳಿಸಿ, ಆಮೇಲೆ ಅದೇ ಫೋನ್ ಹಿಡಿದು ಅಳೆಯಿರಿ: ವ್ಯಾಪ್ತಿಯ ಅಂಚಿನಲ್ಲೂ -67 ಡಿಬಿಎಂ, ನಾಯ್ಸ್‌ಗಿಂತ (ಹಿನ್ನೆಲೆಯ ರೇಡಿಯೊ ಗದ್ದಲ) 25 ಡಿಬಿ ಮೇಲೆ, ಅಲ್ಲೇ ಎರಡನೆಯ ಆಕ್ಸೆಸ್ ಪಾಯಿಂಟ್ -70ರ ಆಸುಪಾಸು ಸಿಗಬೇಕು. ಲ್ಯಾಪ್‌ಟಾಪ್ ಅಳತೆ ನಂಬಬೇಡಿ, ಅದರ ಆಂಟೆನಾ ಬೇರೆ. ಕಡಿಮೆ ಬಿದ್ದ ಕಡೆಗಷ್ಟೇ ಹೊಸದು ಸೇರಿಸಿ.

ಉತ್ತರ 2: ದನಿಯನ್ನು 5 ಗಿಗಾಹರ್ಟ್ಸ್‌ಗೆ, 20 ಮೆಗಾಹರ್ಟ್ಸ್ ಚಾನಲ್‌ಗೆ ಹಾಕಿ. ಜಿ.711 (ದನಿಯನ್ನು ಡಿಜಿಟಲ್ ಮಾಡುವ ವಿಧಾನ) ಕರೆಗೆ ಬೇಕಾದ ವೇಗ ಅಲ್ಪ. ಆದರೆ 20 ಮಿಲಿಸೆಕೆಂಡಿಗೊಂದರಂತೆ ಎರಡೂ ದಿಕ್ಕು ಸೇರಿ ಸೆಕೆಂಡಿಗೆ 100 ಪ್ಯಾಕೆಟ್. ಅವು ತಿನ್ನುವುದು ಏರ್‌ಟೈಮ್, ಅಂದರೆ ಎಲ್ಲ ಉಪಕರಣಗಳೂ ಹಂಚಿಕೊಳ್ಳುವ ಚಾನಲ್ ಸಮಯ. ನಿಧಾನ ದರದಲ್ಲಿ ಅದು ಇನ್ನೂ ಹೆಚ್ಚು ಖರ್ಚು. 12 ಎಂಬಿಪಿಎಸ್‌ಗಿಂತ ಕೆಳಗಿನ ದರಗಳನ್ನು ಮುಚ್ಚಿ.

ಪ್ರಶ್ನೆ ಕೇಳಿದವರು: ಪವರ್ ಇಳಿಸಿದ ಮೇಲೆ ದನಿ ಮುಟ್ಟುತ್ತಿದೆ. ಡಬ್ಲ್ಯುಎಂಎಂ (ದನಿಗೆ ಆದ್ಯತೆ ಕೊಡುವ ವೈಫೈ ವ್ಯವಸ್ಥೆ) ಆನ್ ಇದ್ದರೂ ದೊಡ್ಡ ಫೈಲ್ ಕಾಪಿಯಾಗುವಾಗ ಕಡಿಯುತ್ತದೆ.

ಉತ್ತರ 3: ಡಿಎಸ್‌ಸಿಪಿ 46 (ದನಿ ಪ್ಯಾಕೆಟ್ ಮೇಲಿನ ಆದ್ಯತೆಯ ಗುರುತು) ಸ್ವಿಚ್ ದಾಟಿ ಉಳಿದಿದೆಯೇ ನೋಡಿ, ದಾರಿಯ ಒಂದು ಪೋರ್ಟ್ ಅದನ್ನು ಸೊನ್ನೆ ಮಾಡಿದರೂ ಮುಗಿಯಿತು. ಇನ್ನೊಂದು ಕಿರಿಕಿರಿ: ಕೆಲವು ಉಪಕರಣಗಳು ಮೊದಲ ಮೂರು ಬಿಟ್ ಮಾತ್ರ ಓದಿ 46ನ್ನು ವೈಫೈ ಆದ್ಯತೆ 5ಕ್ಕೆ, ಅಂದರೆ ವಿಡಿಯೊ ಸಾಲಿಗೆ, ತಳ್ಳುತ್ತವೆ. ನೀವೇ 6ಕ್ಕೆ, ಅಂದರೆ ದನಿ ಸಾಲಿಗೆ, ಹೊಂದಿಸಿ. ರೋಮಿಂಗ್ (ಒಂದು ಆಕ್ಸೆಸ್ ಪಾಯಿಂಟ್‌ನಿಂದ ಇನ್ನೊಂದಕ್ಕೆ ದಾಟುವುದು) ತಡವಾದರೆ ಅದನ್ನು ಚುರುಕುಗೊಳಿಸುವ 802.11ಆರ್ ಆನ್ ಮಾಡಿ, ಆದರೆ ಹಳೆಯ ಫೋನ್‌ಗಳು ಸೇರಲು ನಿರಾಕರಿಸಬಹುದು. ಬೇರೆ ಎಸ್‌ಎಸ್‌ಐಡಿಯಲ್ಲಿ (ವೈಫೈ ನೆಟ್‌ವರ್ಕ್ ಹೆಸರು) ಮೊದಲು ಪರೀಕ್ಷಿಸಿ.