ಕೆಜಿಎಫ್‌ನಲ್ಲಿ ಸಿಕ್ಕ ಹಳೇ ಸ್ಟ್ರಾಟೊಕ್ಯಾಸ್ಟರ್ ಒರಿಜಿನಲ್ಲಾ?

ಪ್ರಶ್ನೆ:
ನಮಸ್ಕಾರ. ರಾಬರ್ಟ್‌ಸನ್‌ಪೇಟೆಯ ಒಂದು ಮನೆಯಲ್ಲಿ ಫೆಂಡರ್ ಕಂಪನಿಯ ಸ್ಟ್ರಾಟೊಕ್ಯಾಸ್ಟರ್ ಎಲೆಕ್ಟ್ರಿಕ್ ಗಿಟಾರ್ ಮಾರಾಟಕ್ಕಿದೆ. ಗಣಿ ನಡೆಯುತ್ತಿದ್ದ ಕಾಲದಲ್ಲಿ ಮಾರುವವರ ತಂದೆ ಕ್ಲಬ್ಬಿನಲ್ಲಿ ನುಡಿಸುತ್ತಿದ್ದರಂತೆ. 1966ರದ್ದು ಅಂತಾರೆ. ನೆಕ್ ಪ್ಲೇಟಿನ (ಹಿಂದುಗಡೆ ಕತ್ತನ್ನು ಬಾಡಿಗೆ ಜೋಡಿಸುವ ಲೋಹದ ತಗಡು) ಮೇಲೆ ನಂಬರ್ ಇದೆ, ಆದರೆ ಬಣ್ಣ ಹೊಸದರ ಹಾಗೆ ಹೊಳೆಯುತ್ತೆ, ಅದೇ ಅನುಮಾನ. ಏನೇನು ನೋಡಲಿ?

ಉತ್ತರ 1:
ಪ್ಲೇಟ್ ನಂಬರ್ ಒಂದನ್ನೇ ನಂಬಬೇಡಿ ಸರ್. ನಾಲ್ಕು ಸ್ಕ್ರೂ ಬಿಚ್ಚಿದರೆ ಪ್ಲೇಟೇ ಬದಲಾಗುತ್ತೆ. ಅವರನ್ನು ಕೇಳಿ, ತಂತಿ ಸಡಿಲಿಸಿ, ಪಿಕ್‌ಗಾರ್ಡ್ (ಮುಂಭಾಗದ ಪ್ಲಾಸ್ಟಿಕ್ ಹಲಗೆ) ಎತ್ತಿ ವಾಲ್ಯೂಮ್ ಪಾಟ್ (ವಾಲ್ಯೂಮ್ ತಿರುಪಿನ ಕೆಳಗಿರುವ ಬಿಡಿಭಾಗ) ಮೇಲಿನ ಅಂಕಿ ಓದಿ. 1376615 ಅಂತಿದ್ದರೆ 137 ಅಂದ್ರೆ ಪಾಟ್ ತಯಾರಿಸಿದ ಸಿಟಿಎಸ್ ಕಂಪನಿ, 66 ಇಸವಿ, 15 ವಾರ. ಪಾಟ್ ಗಿಟಾರಿಗಿಂತ ಸ್ವಲ್ಪ ಹಳೇದಿರಬಹುದು, ಹೊಸದಿದ್ದರೆ ಯಾರೋ ಬದಲಾಯಿಸಿದ್ದಾರೆ. ಬೆಸುಗೆಯನ್ನೂ ನೋಡಿ, ಒಂದೇ ಒಂದು ಕಡೆ ಫಳಫಳ ಅಂದರೆ ಅಲ್ಲಿ ಕೈ ಬಿದ್ದಿದೆ.

ಉತ್ತರ 2:
ಹೆಡ್‌ಸ್ಟಾಕ್ (ತಂತಿ ಬಿಗಿಸುವ ಕೀಲಿಗಳಿರುವ ತುದಿ) ಅಗಲ ಇದೆಯಾ? 1965ರ ಕೊನೆಯಲ್ಲಿ ಫೆಂಡರ್ ಅದನ್ನು ದೊಡ್ಡದು ಮಾಡಿತು. ಸ್ಕ್ರೂ ತೂತಿನೊಳಗೆ ಬಣ್ಣ ಇಳಿದಿದ್ದರೆ ಮತ್ತೆ ಬಣ್ಣ ಹೊಡೆದಿರುವ ಸಾಧ್ಯತೆ ಜಾಸ್ತಿ, ಬೆಲೆ ತುಂಬಾ ಇಳಿಯುತ್ತೆ.

ಪ್ರಶ್ನೆ ಕೇಳಿದವರು:
ಭಾನುವಾರ ಬಿಚ್ಚಿ ನೋಡಿದೆವು. ಪಾಟ್ 66ರದ್ದೇ, ಹೆಡ್‌ಸ್ಟಾಕ್ ದೊಡ್ಡದು. ತೂತಿನೊಳಗೆ ಕೆಂಪು ಬಣ್ಣ, ಅದರಡಿ ಹಳದಿ ಚೂರು ಕಾಣಿಸಿತು. ಅವರಿಗೂ ತೋರಿಸಿದೆ, ಬೆಲೆ ಇಳಿಸಲು ಒಪ್ಪಿದ್ದಾರೆ. ತುಂಬಾ ಥ್ಯಾಂಕ್ಸ್, ತಗೊಳ್ತಿದ್ದೀನಿ.