ಧಾರವಾಡದ ಪ್ರೇಮ ಧಾರಾವಾಹಿ: ‘ರಿ’ ಯಾವಾಗ ಬಿಡಬೇಕು?

ಟೋಲ್‌ನಾಕಾ (ಪ್ರಶ್ನೆ)
ವಾರಕ್ಕೊಂದರಂತೆ 16 ಕಂತಿನ ಪ್ರೇಮ ಧಾರಾವಾಹಿ. ಆಕಿ ಧಾರವಾಡದಾಕಿ, ಹುಬ್ಬಳ್ಳಿ ಬ್ಯಾಂಕಿನ್ಯಾಗ ಕೆಲಸ. ಆತ ಹುಬ್ಬಳ್ಳ್ಯಾವ, ಧಾರವಾಡದಾಗ ಮಾಸ್ತರ. ದಿನಾ ಮುಂಜಾನೆ ಎರಡೂ ಊರಿನ ನಡುವ ಓಡೂ ಚಿಗರಿ ಬಸ್ಸಿನ್ಯಾಗ ಭೆಟ್ಟಿ. ನಿರೂಪಣೆ ಗ್ರಾಂಥಿಕ, ಮಾತು ನಮ್ಮ ಕಡೇದು. ಆದ್ರ ಇಬ್ರೂ ಪ್ರೀತಿ ಮಾತಾಡಿದ್ರ ಓದುಗರು ನಗತಾರ, ಹಾಸ್ಯಪಾತ್ರದಂಗ ಕೇಳಸ್ತದಂತ. ಐದನೇ ಕಂತಿಗೆ ಕತಿ ಗಾಡಿನೂ ನಿಂತದ. ಮಾತನ್ನೂ ಗ್ರಾಂಥಿಕಕ್ಕ ತಿರುಗಿಸೂದೋ?

ಸಪ್ತಾಪುರ (ಉತ್ತರ)
ತಿರುಗಿಸಬ್ಯಾಡ್ರಿ. ನಗು ಬರೂದು ಭಾಷೆಯಿಂದಲ್ಲ, ಪ್ರತಿ ಶಬ್ದಾನೂ ಸೊಟ್ಟ ಮಾಡಿ ಬರೆಯೂದ್ರಿಂದ. ನಾಮಪದ ಹಂಗ ಇರಲಿ. ಕ್ರಿಯಾಪದದ ಬಾಲ, ವಿಭಕ್ತಿ ಇಷ್ಟ ನಮ್ಮವು ಆಗಲಿ. ‘ಲೇ’, ‘ಮಗನ’ ಅನ್ನೂವು ಗೆಳ್ಯಾರ ಮಾತಿಗೆ ಸಾಕು. ಇನ್ನೊಂದು, ‘ಮಾಡ್ಲಿಕ್ಕತ್ತೀನಿ’ ಅನ್ನೂ ಮನಿತನ ಬ್ಯಾರೆ, ‘ಮಾಡಾಕತ್ತೀನಿ’ ಅನ್ನೂದು ಬ್ಯಾರೆ. ಒಂದ ಪಾತ್ರದ ಬಾಯಾಗ ಎರಡೂ ಬಂದ್ರ ಓದುಗರು ತಟ್ಟನೆ ಹಿಡೀತಾರ.

ಖರೇ ಬಂಡವಾಳ ಅಂದ್ರ ‘ರಿ’. ‘ನಿನ್ನ ಪ್ರೀತಿಸತೇನಿ’ ಅಂತ ನಮ್ಮ ಕಡೆ ಯಾರೂ ಅನ್ನೂದಿಲ್ಲ, ಅಂದ್ರೂ ಅದು ಸಿನಿಮಾ. ಅದರ ಬದಲಿ ಊಟದ ಪ್ರಶ್ನೆ ಒಂದನ್ನ ನಾಕು ಮೆಟ್ಟಿಲ ಇಳಿಸ್ರಿ:

‘ಊಟಾ ಮಾಡಿದ್ರೇನ್ರಿ?’
‘ಊಟಾ ಆತೇನ್ರಿ?’
‘ಊಟಾ ಆತೇನು?’
‘ಊಟಾ ಮಾಡಿದ್ಯೇನ?’

ಮೂರನೇದನ್ನ ನೋಡ್ರಿ. ಅಲ್ಲಿ ನೀನೂ ಇಲ್ಲ, ನೀವೂ ಇಲ್ಲ. ‘ರಿ’ ಬಿಡೂ ಧೈರ್ಯ ಬಂದದ, ‘ನೀ’ ಅನ್ನೂ ಧೈರ್ಯ ಇನ್ನೂ ಬಂದಿಲ್ಲ. ಅಲ್ಲೇ ಮೂರು-ನಾಕು ಕಂತು ನಿಲ್ಲಬಹುದು. ನಾಕನೇದಕ್ಕ ಮೊದಲು ಆಕೀನ ಇಳೀಲಿ. ಆತ ಮೊದಲು ಇಳದ್ರ ಯಜಮಾನಿಕಿ ಮಾಡಿದಂಗ ಕಾಣಸ್ತದ.

ನವಲೂರು ಪೇರಲ
ಮೊದಲು ಬಸ್ಸು ಸರಿ ಮಾಡಿಕೊಳ್ಳಿ. ಮುಂಜಾನೆ ಆಕೆ ಹುಬ್ಬಳ್ಳಿ ಕಡೆ, ಆತ ಧಾರವಾಡ ಕಡೆ. ಎದುರಾಬದುರಾ ಹೋಗುವ ಎರಡು ಬಸ್ಸಿನಲ್ಲಿ ಭೇಟಿ ಹೇಗೆ? ಮಾಸ್ತರನ ಮನೆಯನ್ನೂ ಧಾರವಾಡಕ್ಕೆ ತಂದು, ಶಾಲೆಯನ್ನು ಹುಬ್ಬಳ್ಳಿಗೆ ಒಯ್ಯಿರಿ. ಚಿಗರಿ ಎ.ಸಿ. ಗಾಡಿ, ಗಾಜು ಮುಚ್ಚಿರುತ್ತದೆ. ಕಿಟಕಿ ಗಾಳಿಗೆ ಮುಂಗುರುಳು ಹಾರಿಸಿದರೆ ದಿನಾ ಓಡಾಡುವವರು ಅಲ್ಲೇ ಓದು ಬಿಡುತ್ತಾರೆ. ಟಿಕೆಟ್ಟೂ ನಿಲ್ದಾಣದಲ್ಲೇ ಸಿಗುವುದರಿಂದ ‘ಚಿಲ್ಲರೆ ಇಲ್ಲ’ ಎಂಬ ಹಳೇ ಪ್ರಸಂಗ ಬಸ್ಸಿನೊಳಗೆ ನಡೆಯದು, ಕೌಂಟರ್ ಸಾಲಿಗೆ ತನ್ನಿ. ಕತೆಯ ಕಾಲ 2018ಕ್ಕಿಂತ ಹಿಂದಿನದಾದರೆ ಚಿಗರಿಯೇ ಇಲ್ಲ.

ಐದನೇ ಕಂತು ನಿಂತದ್ದಕ್ಕೆ ಪಂಚಾಂಗ ನೋಡಿ. ಮೊದಲ ಕಂತು ಕಾರಹುಣ್ಣಿಮೆಗೆ ಬಂತೆನ್ನಿ. ಮಣ್ಣೆತ್ತಿನ ಅಮಾವಾಸ್ಯೆ ಮೂರನೇ ಕಂತಿನ ಸುತ್ತ. ನಾಲ್ಕರಿಂದ ಏಳು ಪೂರಾ ಆಷಾಢ: ಮನೆಯಲ್ಲಿ ಮದುವೆ ಮಾತು ಎತ್ತುವಂತಿಲ್ಲ. ಖಳನಾಯಕ, ಅಪಘಾತ ಏನೂ ಬೇಡ, ಅಡ್ಡಿ ತಾನಾಗೇ ಸಿಕ್ಕಿತು. ಎಂಟಕ್ಕೆ ನಾಗರಪಂಚಮಿ, ಜೋಕಾಲಿ, ಶೇಂಗಾ ಉಂಡಿ, ತವರಿಗೆ ಬಂದ ಅಕ್ಕ. ಗುಟ್ಟು ರಟ್ಟಾಗಲು ಅಕ್ಕನಿಗಿಂತ ಒಳ್ಳೆಯ ದಾರಿ ಇಲ್ಲ. ಒಂದು ಕಂತು ಹೆಚ್ಚಿಸಿ 17 ಮಾಡಿದರೆ ಕೊನೆಯದು ವಿಜಯದಶಮಿಯ, ಅಂದರೆ ಬನ್ನಿ ಕೊಡುವ ದಿನದ ಆಸುಪಾಸಿಗೆ ಬೀಳುತ್ತದೆ. ‘ಬನ್ನಿ ತಗೊಂಡು ಬಂಗಾರದಂಗ ಇರೂಣು’ ಎಂದು ಆಕೆಯೇ ಅನ್ನಲಿ. ‘ಇರೂಣ್ರಿ’ ಅಲ್ಲ.

ಮಳೆಯಲ್ಲೂ ಎಚ್ಚರ. ಗುಡುಗು ಸಿಡಿಲಿನ ಆರ್ಭಟ ಏಪ್ರಿಲ್-ಮೇ ತಿಂಗಳ ಅಡ್ಡಮಳೆಯದು. ಆಷಾಢ-ಶ್ರಾವಣದ್ದು ಜಿಟಿಜಿಟಿ, ದಿನವಿಡೀ. ಒಂದು ಕೊಡೆ, ಇಬ್ಬರು, ಒಣಗದ ಚಪ್ಪಲಿ.

ಟೋಲ್‌ನಾಕಾ
ಬಸ್ಸಿನ ದಿಕ್ಕು ಲಕ್ಷಕ್ಕ ಬಂದೇ ಇರಲಿಲ್ಲ! ದಿನಾ ಎಷ್ಟು ಬರೀಬೇಕು, ಅದನ್ನೂ ಹೇಳ್ರಿ. ಮೊಬೈಲಿಗೆ ಮಾತಾಡಿ ಟೈಪ್ ಮಾಡಿಸಿದ್ರ ನಡೀತದೇನು?

ಗದಗ ಕಂಪೋಸಿಂಗ್
ಆರು ದಿನ 250 ಪದ, ಏಳನೇ ದಿನ ಗಟ್ಟಿಯಾಗಿ ಓದಿ 100 ಪದ ಕತ್ತರಿಸುವುದು. ಸುಮಾರು 1400 ಪದದ ಕಂತು ಆಯಿತು. ಮೂರು ಕಂತು ಕೈಯಲ್ಲಿ ಇಲ್ಲದೆ ಮೊದಲನೆಯದನ್ನು ಬಿಡಬೇಡಿ. ಜ್ವರ, ಮದುವೆ, ಕರೆಂಟು ಯಾವುದೂ ಹೇಳಿ ಬರುವುದಿಲ್ಲ. ದಿನದ ಬರಹವನ್ನು ಒಬ್ಬರ ಪ್ರಶ್ನೆಗೆ ನಿಲ್ಲಿಸಿ, ಉತ್ತರ ನಾಳೆಗೆ ಇರಲಿ. ಮರುದಿನ ಖಾಲಿ ಹಾಳೆ ನೋಡುತ್ತ ಕೂರುವುದು ತಪ್ಪುತ್ತದೆ.

ಪಾತ್ರಗಳ ವಯಸ್ಸು, ಬಸ್ಸಿನ ವೇಳೆ, ಬಂಧುಗಳ ಹೆಸರು ಒಂದೇ ಹಾಳೆಯಲ್ಲಿರಲಿ. ಯಾವ ಕಂತಿನಲ್ಲಿ ಯಾರು ಯಾರಿಗೆ ‘ರಿ’ ಹಚ್ಚುತ್ತಾರೆ ಎಂಬುದಕ್ಕೂ ಒಂದು ಕಾಲಂ ಬೇಕು. ಬಿಟ್ಟ ‘ರಿ’ ಎರಡು ಕಂತಿನ ನಂತರ ಮರೆತು ಮತ್ತೆ ಬಂದರೆ ಜಗಳವಾಗಿದೆ ಎಂದೇ ಅರ್ಥ. ಜಗಳಕ್ಕೆ ಬೇಕಾದಾಗ ಬೇಕೆಂದೇ ತನ್ನಿ.

ಧ್ವನಿ ಟೈಪಿಂಗ್ ನಿರೂಪಣೆಗೆ ಸಾಕು. ಸಂಭಾಷಣೆಗೆ ಬೇಡ, ‘ಆತೇನು’ ಅಂದದ್ದನ್ನು ‘ಆಯ್ತೇನು’ ಮಾಡಿಬಿಡಬಹುದು. ‘ನುಡಿ’ ತಂತ್ರಾಂಶದಲ್ಲಿ ಯುನಿಕೋಡ್‌ಗೆ ಮುಂಚಿನ ಹಳೇ ಆಸ್ಕಿ ಅಕ್ಷರದ ಫೈಲಿದ್ದರೆ ಯುನಿಕೋಡ್‌ಗೆ ಬದಲಿಸಿದ ಮೇಲೆ ಅರ್ಕಾವೊತ್ತು, ದೀರ್ಘ ಎರಡನ್ನೂ ಸಾಲುಸಾಲು ನೋಡಿ.